ನನ್ನ ತೋಟವನ್ನೇ ನಾನು ಕಾಯಲಿಲ್ಲ: ಪರಮಗೀತ ಓದುವಾಗ "ಪ್ರಿಯ" ಅಂದರೆ ಯಾರು?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ.

ಒಂದು ಮಾತು ಕೇಳಬೇಕಿತ್ತು. ಸಭೆಯಲ್ಲಿ ಕೇಳೋಕೆ ಸಂಕೋಚ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಎರಡು ಎಕರೆ ದ್ರಾಕ್ಷಿ ಇದೆ, ಬೆಂಗಳೂರು ಬ್ಲೂ. ಹದಿನಾರು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಸ್ತ್ರೀಯರ ಕೂಟ ನೋಡಿಕೊಳ್ಳುತ್ತೇನೆ. ಯಾರ ಮನೆಯಲ್ಲಿ ಕಾಯಿಲೆ ಅಂದರೂ ಹೋಗಿ ಪ್ರಾರ್ಥನೆ ಮಾಡಿ ಬರುತ್ತೇನೆ. ಆದರೆ ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ, ನಾನೊಬ್ಬಳೇ ಕೂತು ಪ್ರಾರ್ಥನೆ ಮಾಡೋದು ನಿಂತೇ ಹೋಗಿದೆ. ಬೇರೆಯವರಿಗಾಗಿ ಆದರೆ ಮಾತು ಬರುತ್ತೆ. ಒಬ್ಬಳೇ ಮೊಣಕಾಲೂರಿದರೆ ಬಾಯಿ ಕಟ್ಟಿಹೋಗುತ್ತೆ.

ಹೋದ ವಾರ ಸುಮ್ನೆ ಸತ್ಯವೇದ (ಬೈಬಲ್) ತಿರುವುತ್ತಿದ್ದಾಗ ಅದರಲ್ಲಿರುವ ಪರಮಗೀತ ಅನ್ನೋ ಪುಸ್ತಕ ಸಿಕ್ಕಿತು. ಮೊದಲನೇ ಅಧ್ಯಾಯದ ಆರನೇ ವಚನದಲ್ಲೇ ನಿಂತುಬಿಟ್ಟೆ. ಆ ಹುಡುಗಿಯನ್ನು ಅಣ್ಣಂದಿರು ಸಿಟ್ಟಾಗಿ ದ್ರಾಕ್ಷಿ ತೋಟ ಕಾಯೋಕೆ ಹಾಕಿದ್ದಾರೆ. ಅವಳು ಹೇಳುತ್ತಾಳೆ, ನನ್ನ ಸ್ವಂತ ತೋಟವನ್ನು ಮಾತ್ರ ನಾನು ಕಾಯಲಿಲ್ಲ ಅಂತ. ನನ್ನನ್ನು ನೋಡಿಯೇ ಬರೆದ ಹಾಗಿತ್ತು. ಅಡುಗೆಮನೆಯಲ್ಲಿ ನಿಂತು ಅತ್ತೆ.

ಈಗ ನನ್ನ ಪ್ರಶ್ನೆ. ನಮ್ಮಲ್ಲಿ ಕೆಲವರು ಇದು ಬರೀ ಗಂಡು ಹೆಣ್ಣಿನ ಪ್ರೀತಿಯ ಹಾಡು ಅನ್ನುತ್ತಾರೆ. ಇನ್ನು ಕೆಲವರು ಇದು ಯೇಸುಸ್ವಾಮಿ ಮತ್ತು ನಮ್ಮ ಆತ್ಮದ ಮಾತು ಅನ್ನುತ್ತಾರೆ. ಆ "ಪ್ರಿಯ" ಅನ್ನೋ ಮಾತನ್ನು ನಾನು ದೇವರಿಗೆ ಹೇಳಬಹುದಾ? ಹೇಳಿದರೆ ತಪ್ಪಾ? ಗೊತ್ತಿರುವವರು ದಯವಿಟ್ಟು ಹೇಳಿ.

ತುಮಕೂರು ಮೇಷ್ಟ್ರು

ತಾಯಿ, ನಿಮ್ಮ ಪ್ರಶ್ನೆ ಹಳೆಯದು. ಎರಡು ಸಾವಿರ ವರ್ಷದಿಂದ ಜನ ಕೇಳುತ್ತಾ ಬಂದಿದ್ದಾರೆ. ಸಂಕೋಚ ಬೇಡ.

ಪರಮಗೀತದಲ್ಲಿ ಇರೋದು 8 ಅಧ್ಯಾಯ, 117 ವಚನ. ಅದರಲ್ಲಿ ದೇವರು ಅನ್ನೋ ಪದವೇ ನೇರವಾಗಿ ಬರೋದಿಲ್ಲ. ಒಂದೇ ಒಂದು ಕಡೆ, 8:6ರಲ್ಲಿ, ಪ್ರೀತಿಯನ್ನು ಬೆಂಕಿಗೆ ಹೋಲಿಸುವಾಗ ಹೀಬ್ರೂ ಪದದ ಕೊನೆಗೆ "ಯಾಹ್" ಅಂತ ಅಂಟಿಕೊಂಡಿದೆ. ಅದು ಯೆಹೋವ ಅನ್ನೋ ಹೆಸರಿನ ಚಿಕ್ಕ ರೂಪ. ಪ್ರೀತಿಯ ಉರಿ ಯಾಹುವಿನ ಉರಿ ಅಂತ ಓದಬಹುದು. ಬರೀ "ಭಾರಿ ಬೆಂಕಿ" ಅಂತಲೂ ಓದುತ್ತಾರೆ. ನನಗೆ ಮೊದಲನೆಯದೇ ಮನಸ್ಸಿಗೆ ಹತ್ತಿರ.

ಇಂಥ ಪುಸ್ತಕ ಪವಿತ್ರ ಗ್ರಂಥದಲ್ಲಿ ಇರಬೇಕಾ ಅಂತ ಯೆಹೂದಿ ಗುರುಗಳಲ್ಲೇ ವಾದ ನಡೆದಿತ್ತು. ಆಗ ರಬ್ಬಿ ಅಕೀವ ಹೇಳಿದ ಮಾತು ದಾಖಲಾಗಿದೆ. ಎಲ್ಲ ಗ್ರಂಥಗಳೂ ಪವಿತ್ರ, ಪರಮಗೀತ ಮಾತ್ರ ಅತಿ ಪವಿತ್ರ ಅಂದರು. ಅದೇ ಅಕೀವ, ಔತಣದ ಮನೆಗಳಲ್ಲಿ ಇದನ್ನು ಚಿಲ್ಲರೆ ಹಾಡಿನ ಹಾಗೆ ಹಾಡುವವರನ್ನು ಕಟುವಾಗಿ ಬೈದಿದ್ದಾರೆ. ಅಂದರೆ ಆಗಲೂ ಹಾಡುತ್ತಿದ್ದರು ಅಂತ ಆಯಿತಲ್ವಾ? ಇವತ್ತಿಗೂ ಯೆಹೂದ್ಯರು ಪಸ್ಕ ಹಬ್ಬದಲ್ಲಿ ಇದನ್ನು ಓದುತ್ತಾರೆ. ಐಗುಪ್ತದಿಂದ ಕರೆತಂದ ದೇವರಿಗೂ ತಮ್ಮ ಜನಾಂಗಕ್ಕೂ ಇರುವ ಪ್ರೀತಿಯ ಹಾಡು ಅಂತ ಅವರ ನಂಬಿಕೆ.

ಕ್ರೈಸ್ತರಲ್ಲಿ ಮೂರನೇ ಶತಮಾನದ ಒರಿಜೆನ್ ಇದಕ್ಕೆ ಹತ್ತು ಸಂಪುಟದ ವ್ಯಾಖ್ಯಾನ ಬರೆದರು. ವಧು ಅಂದರೆ ಸಭೆಯೂ ಹೌದು, ಒಂದೊಂದು ಆತ್ಮವೂ ಹೌದು ಅಂದರು. ಫ್ರಾನ್ಸಿನ ಕ್ಲೇರ್ವೊ ಮಠದ ಬರ್ನಾರ್ಡ್ 1135ರಲ್ಲಿ ಪರಮಗೀತದ ಮೇಲೆ ಪ್ರಸಂಗ ಶುರು ಮಾಡಿದರು. 1153ರಲ್ಲಿ ತೀರಿಕೊಳ್ಳುವ ತನಕ 86 ಪ್ರಸಂಗ. ಎಲ್ಲಿಗೆ ಬಂದಿದ್ದರು ಗೊತ್ತಾ? ಮೂರನೇ ಅಧ್ಯಾಯದ ಮೊದಲನೇ ವಚನಕ್ಕೆ. ಹದಿನೆಂಟು ವರ್ಷದಲ್ಲಿ ಎರಡು ಅಧ್ಯಾಯ. ನೀವು ಆರನೇ ವಚನದಲ್ಲಿ ನಿಂತಿರೋದು ಏನೂ ದೊಡ್ಡ ವಿಷಯ ಅಲ್ಲ, ತಾಯಿ. ನಿಲ್ಲಿ.

ಹೇಳಬಹುದಾ ಅಂತ ಕೇಳಿದಿರಿ. ಹೇಳಬಹುದು. ಒಂದೇ ಎಚ್ಚರ. ಪ್ರತಿಯೊಂದು ದಾಳಿಂಬೆಗೂ, ಪ್ರತಿಯೊಂದು ಪಾರಿವಾಳಕ್ಕೂ ಒಂದೊಂದು ಗುಪ್ತ ಅರ್ಥ ಹುಡುಕೋಕೆ ಹೋಗಬೇಡಿ. ಆಗ ಹಾಡು ಹೋಗಿ ಒಗಟು ಉಳಿಯುತ್ತೆ.

ಹೊಸ ಸಂಸಾರ (ತುಮಕೂರು)

ಮೇಷ್ಟ್ರೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮದುವೆಯಾಗಿ ಏಳು ತಿಂಗಳು. ಇದು ಮೊದಲು ಗಂಡ ಹೆಂಡತಿಯ ಹಾಡು. ಅದನ್ನು ಒಪ್ಪೋಕೆ ನಮ್ಮ ಸಭೆಗಳಲ್ಲಿ ಯಾಕಿಷ್ಟು ಭಯ? ಪ್ರೀತಿಯ ಮಾತು ಬಂದ ಕೂಡಲೇ ಇದು ಆತ್ಮಿಕ, ಆತ್ಮಿಕ ಅಂತ ಮೇಲೆ ಒಂದು ಶಾಲು ಹೊದಿಸಿಬಿಡುತ್ತೇವೆ. ದೇವರು ಮಾಡಿದ ಪ್ರೀತಿಯೇ ಅಲ್ವಾ ಅದು? ಮನೆಯಲ್ಲಿ ಆ ಪ್ರೀತಿಯ ರುಚಿ ಗೊತ್ತಿಲ್ಲದಿದ್ದರೆ ದೇವರ ಪ್ರೀತಿಗೆ ಅದು ಹೋಲಿಕೆ ಆಗೋದಾದರೂ ಹೇಗೆ?

ತುಮಕೂರು ಮೇಷ್ಟ್ರು

ನಿಮ್ಮ ಮಾತು ಸರಿ. ಒಪ್ಪಿದೆ. ಅಪೊಸ್ತಲ ಪೌಲನೂ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಮೊದಲು ಗಂಡ ಹೆಂಡತಿ ಹೇಗಿರಬೇಕು ಅಂತ ಹೇಳಿ, ಆಮೇಲೆ ಈ ಗೂಢಾರ್ಥ ದೊಡ್ಡದು, ನಾನು ಕ್ರಿಸ್ತನ ಮತ್ತು ಸಭೆಯ ವಿಷಯ ಹೇಳುತ್ತಿದ್ದೇನೆ ಅನ್ನುತ್ತಾನೆ. ಎರಡನ್ನೂ ಒಂದೇ ಉಸಿರಿನಲ್ಲಿ ಇಟ್ಟಿದ್ದಾನೆ.

ದಿಬ್ಬಣ

ಇಲ್ಲಿ ಒಂದು ಮುಖ್ಯವಾದ ಮಾತು ಬಿಟ್ಟುಹೋಗುತ್ತಿದೆ ಅನಿಸುತ್ತೆ. ಸತ್ಯವೇದದಲ್ಲಿ ವಧು ಅಂದರೆ ಒಬ್ಬ ವ್ಯಕ್ತಿ ಅಲ್ಲ. ಪ್ರವಾದಿ ಹೋಶೇಯನ ಪುಸ್ತಕದಲ್ಲಿ ಇಸ್ರಾಯೇಲ್ ಜನಾಂಗ. ಯೆಶಾಯ 62ರಲ್ಲಿ ಚೀಯೋನ್ ಪಟ್ಟಣ. ಯೆಹೆಜ್ಕೇಲ 16ರಲ್ಲಿ ಯೆರೂಸಲೇಮ್. ಪ್ರಕಟನೆ 21ರಲ್ಲಿ ಇಡೀ ಹೊಸ ಯೆರೂಸಲೇಮ್ ಮದುಮಗಳ ಹಾಗೆ ಅಲಂಕಾರ ಮಾಡಿಕೊಂಡು ಇಳಿದು ಬರುತ್ತೆ. ನಾನೊಬ್ಬಳೇ ವಧು, ಯೇಸು ನನ್ನೊಬ್ಬಳ ಪ್ರಿಯ ಅಂತ ಹಾಡೋದು ಈಗ ಜಾಸ್ತಿಯಾಗಿದೆ. ಕೆಲವು ಹಾಡು ಕೇಳಿದರೆ ಪಕ್ಕದಲ್ಲಿ ಕೂತವರು ಇದ್ದಾರೋ ಇಲ್ಲವೋ ಅನ್ನೋದೇ ನೆನಪಿರಲ್ಲ.

ಅಕ್ಕನ ಮನಸ್ಸು ನೋಯಿಸೋಕೆ ಹೇಳಿದ್ದಲ್ಲ. ಅವರಿಗೆ ಒಬ್ಬರೇ ಪ್ರಾರ್ಥನೆ ಮಾಡೋಕೆ ಆಗದಿದ್ದರೆ ಸಭೆ ಅವರ ಪರವಾಗಿ ಮಾಡಲಿ. ಹದಿನಾರು ವರ್ಷ ಅವರು ಎಲ್ಲರಿಗೂ ಮಾಡಿದ್ದಾರೆ. ವಧು ಒಬ್ಬಳಲ್ಲ ಅಂದರೆ ಅದೇ ಅರ್ಥ.

ನಂದಿ ತಪ್ಪಲು

ನೋವೇನಿಲ್ಲ ಬ್ರದರ್. ಕೊನೆಯ ಮಾತು ಓದಿ ಸಮಾಧಾನ ಆಯಿತು. ಇದನ್ನು ನಮ್ಮ ಕೂಟದಲ್ಲಿ ನಾನು ಯಾರಿಗೂ ಹೇಳಿಕೊಂಡೇ ಇಲ್ಲ.

ರಾತ್ರಿ ಪಾಳಿ (ಕೋಲಾರ)

ಅಕ್ಕ, ನಾನು ಕೋಲಾರದಲ್ಲಿ ನರ್ಸ್. ನನಗೆ ಇತಿಹಾಸ ಜಾಸ್ತಿ ಗೊತ್ತಿಲ್ಲ. ಆದರೆ ನೀವು ಐದನೇ ಅಧ್ಯಾಯಕ್ಕೆ ಹೋಗಲೇಬೇಕು. ಅದು ನನಗೆ ಅರ್ಥವಾದದ್ದು ವಾರ್ಡಿನಲ್ಲಿ.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿ ಅಡ್ಮಿಟ್ ಆಗಿದ್ದರು. ಮುಳಬಾಗಿಲು ಕಡೆಯವರು. ತಾತ ಹೊರಗೆ ಬೆಂಚಿನ ಮೇಲೆ ಮಲಗುತ್ತಿದ್ದರು. ಗಂಡಸರನ್ನು ರಾತ್ರಿ ಹೆಣ್ಣುಮಕ್ಕಳ ವಾರ್ಡಿಗೆ ಬಿಡೋ ಹಾಗಿರಲಿಲ್ಲ. ರಾತ್ರಿ ಒಂಬತ್ತಾದರೆ ರಾಗಿ ಗಂಜಿಯ ಫ್ಲಾಸ್ಕ್ ಹಿಡಿದು ಬಂದು, ಬಾಗಿಲ ಗಾಜನ್ನು ಉಗುರಿನಲ್ಲಿ ಮೆಲ್ಲಗೆ ತಟ್ಟುತ್ತಿದ್ದರು. ಟಕ್ ಟಕ್. ಅಷ್ಟೇ. ಅಜ್ಜಿಗೆ ಅದು ಸಾಕು, ಎದ್ದು ಬರುತ್ತಿದ್ದರು.

ಒಂದು ದಿನ ಸಂಜೆ ಏನೋ ಮಾತಿಗೆ ಮಾತು ಬೆಳೆದು ಅಜ್ಜಿಗೆ ಕೋಪ ಬಂದಿತ್ತು. ಅವತ್ತು ರಾತ್ರಿ ತಾತ ತಟ್ಟಿದರು. ಅಜ್ಜಿ ಆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿರಲಿಲ್ಲ, ನಾನು ನೋಡುತ್ತಲೇ ಇದ್ದೆ. ಕಾಲಿನ ಹೆಬ್ಬೆರಳು ಆಡುತ್ತಿತ್ತು. ತಾತ ಇನ್ನೊಂದು ಸಲ ತಟ್ಟಿದರು. ಆಮೇಲೆ ಸದ್ದಿಲ್ಲ.

ಐದು ನಿಮಿಷ ಆಗಿರಬೇಕು. ಅಜ್ಜಿ ಎದ್ದರು. ಡ್ರಿಪ್ ಸ್ಟ್ಯಾಂಡ್ ಹಿಡಿದುಕೊಂಡು ಬಾಗಿಲು ತೆಗೆದರು. ಬೆಂಚು ಖಾಲಿ. ಆ ಮುಖ ನಾನು ಮರೆಯೋಕಾಗಲ್ಲ. ಸ್ಟ್ಯಾಂಡ್ ತಳ್ಳಿಕೊಂಡು ಕಾರಿಡಾರಿನ ಕೊನೆ ತನಕ ಹೋಗಿಬಿಟ್ಟರು. ವಾಚ್‌ಮನ್ ತಡೆದು, ಈ ಹೊತ್ತಲ್ಲಿ ಎಲ್ಲಿಗೆ ಹೋಗ್ತೀಯಮ್ಮ ಅಂತ ಗದರಿದ. ಅಜ್ಜಿ ಅವನನ್ನೇ ಕೇಳಿದರು, "ನಮ್ಮವರು ಈ ಕಡೆ ಬಂದರಾ?"

ಈಗ ಐದನೇ ಅಧ್ಯಾಯ ಓದಿ. ಅವನು ಬಂದು ಕದ ತಟ್ಟುತ್ತಾನೆ. ತಲೆಯೆಲ್ಲ ಇಬ್ಬನಿಯಲ್ಲಿ ನೆಂದಿದೆ. ಇವಳು ಬಟ್ಟೆ ಕಳಚಿಟ್ಟಿದ್ದೇನೆ, ಕಾಲು ತೊಳೆದುಕೊಂಡಿದ್ದೇನೆ, ಮತ್ತೆ ಹೇಗೆ ಮಣ್ಣು ಮಾಡಿಕೊಳ್ಳಲಿ ಅನ್ನುತ್ತಾಳೆ. ಆಮೇಲೆ ಮನಸ್ಸು ತಡೆಯದೆ ಎದ್ದು ಅಗುಳಿ ತೆಗೆಯುತ್ತಾಳೆ. ಅವನಿಲ್ಲ. ಕೂಗಿದರೆ ಉತ್ತರ ಇಲ್ಲ. ಊರು ಕಾಯುವವರು ಸಿಕ್ಕಿ ಹೊಡೆಯುತ್ತಾರೆ, ಮೇಲಿನ ಹೊದಿಕೆ ಕಿತ್ತುಕೊಳ್ಳುತ್ತಾರೆ. ಅವಳು ಹುಡುಕೋದು ಬಿಡಲ್ಲ.

ನಾನು ಹೇಳಬೇಕಾದದ್ದು ಇಷ್ಟೇ. ನೀವು ಪ್ರಾರ್ಥನೆ ನಿಂತುಹೋಗಿದೆ ಅಂದಿರಿ. ಅಡುಗೆಮನೆಯಲ್ಲಿ ಅತ್ತೆ ಅಂದಿರಿ. ಅಜ್ಜಿ ಆ ಕಾರಿಡಾರಿನಲ್ಲಿ ನಡೆದದ್ದು ಪ್ರೀತಿ ಅಲ್ಲದೆ ಮತ್ತೇನು? ಬಾಗಿಲು ತೆಗೆಯೋಕೆ ತಡ ಮಾಡಿದವಳೂ ಆ ಹಾಡಿನ ಒಳಗೇ ಇದ್ದಾಳೆ. ಅವಳನ್ನು ಯಾರೂ ಹೊರಗೆ ಹಾಕಿಲ್ಲ.

ತುಮಕೂರು ಮೇಷ್ಟ್ರು

ಸಿಸ್ಟರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪ್ರಕಟನೆ 3:20ರಲ್ಲಿ ಬಾಗಿಲಲ್ಲಿ ನಿಂತು ತಟ್ಟುತ್ತಾ ಇದ್ದೇನೆ ಅನ್ನೋ ಮಾತೂ ನಂಬದವರಿಗೆ ಹೇಳಿದ್ದಲ್ಲ. ಲವೊದಿಕೀಯದ ಸಭೆಗೆ ಹೇಳಿದ್ದು. ಒಳಗಿರುವವರಿಗೆ.

ಹೊಸ ಸಂಸಾರ

ತಾತ ಸಿಕ್ಕಿದರಾ?

ರಾತ್ರಿ ಪಾಳಿ

ಸಿಕ್ಕಿದರು. ಕೆಳಗೆ ಕಾಂಪೌಂಡಿನಲ್ಲಿ ಹೊಂಗೆ ಮರದ ಪಕ್ಕ ಒಂದು ನಲ್ಲಿ ಇತ್ತು. ಅಲ್ಲಿ ಫ್ಲಾಸ್ಕ್ ತೊಳೆಯುತ್ತಿದ್ದರು. ಬೆಳಿಗ್ಗೆ ಗಂಜಿ ತರೋಕೆ ಬೇಕಲ್ಲ ಅಂದರು.

ಆರನೇ ಅಧ್ಯಾಯ ನೋಡಿ. ನಿನ್ನ ಪ್ರಿಯ ಎಲ್ಲಿ ಹೋದ ಅಂತ ಗೆಳತಿಯರು ಕೇಳಿದರೆ, ಅವನು ತನ್ನ ತೋಟಕ್ಕೆ ಇಳಿದು ಹೋಗಿದ್ದಾನೆ ಅನ್ನುತ್ತಾಳೆ. ಬಿಟ್ಟು ಹೋಗಿರಲಿಲ್ಲ.

ಹೆಸರು ಬೇಡ

ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ಈ ಹೋಲಿಕೆಯೇ ಕಷ್ಟ. ದೇವರು ಗಂಡನ ಹಾಗೆ ಅಂತ ಸಭೆಯ ಅಯ್ಯನವರು (ಪಾಸ್ಟರ್) ಹೇಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ನನ್ನ ಮದುವೆ ಹನ್ನೊಂದು ವರ್ಷ ಇತ್ತು. ಆ ಹನ್ನೊಂದು ವರ್ಷದಲ್ಲಿ ಕದ ತಟ್ಟುವ ಸದ್ದು ಕೇಳಿದರೆ ನಾನು ಮಕ್ಕಳನ್ನು ಒಳಕೋಣೆಗೆ ಕಳಿಸುತ್ತಿದ್ದೆ. ಈಗ ಹೇಳಿ, ನಾನು ಆ ಹಾಡನ್ನು ಹೇಗೆ ಓದಲಿ? ವಾದಕ್ಕೆ ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ.

ತುಮಕೂರು ಮೇಷ್ಟ್ರು

ಅಮ್ಮಾ, ಮೊದಲು ಒಂದು ಮಾತು. ಆ ಹೋಲಿಕೆ ನಿಮಗೆ ಆಗದಿದ್ದರೆ ಬಿಡಿ. ದೇವರು ಕುರುಬ, ಬಂಡೆ, ರೆಕ್ಕೆ ಹರಡಿದ ಹಕ್ಕಿ, ಮಗುವನ್ನು ಸಂತೈಸುವ ತಾಯಿ ಅಂತಲೂ ಸತ್ಯವೇದದಲ್ಲಿದೆ. ಯಾವುದು ನಿಮ್ಮನ್ನು ಹಿಡಿದುಕೊಳ್ಳುತ್ತೋ ಅದನ್ನು ಹಿಡಿಯಿರಿ.

ಆದರೂ ಒಂದು ವಿಷಯ ಹೇಳಬೇಕು. ಹೋಶೇಯ 2:16ರಲ್ಲಿ ದೇವರು ತನ್ನ ಜನಕ್ಕೆ ಹೇಳುತ್ತಾನೆ: ಆ ದಿನ ನೀನು ನನ್ನನ್ನು "ಬಾಳೀ" ಅನ್ನಲ್ಲ, "ಈಶೀ" ಅನ್ನುತ್ತೀ. ಹೀಬ್ರೂ ಭಾಷೆಯಲ್ಲಿ ಎರಡೂ ಗಂಡನನ್ನು ಕರೆಯುವ ಮಾತೇ. "ಬಾಳ್" ಅಂದರೆ ಒಡೆಯ. ಆಗ ಜನ ಪೂಜೆ ಮಾಡುತ್ತಿದ್ದ ಒಬ್ಬ ಸುಳ್ಳುದೇವರ ಹೆಸರೂ ಅದೇ. "ಈಶ್" ಅಂದರೆ ಗಂಡಸು, ಮನುಷ್ಯ. ನಮ್ಮ ಕನ್ನಡದಲ್ಲಿ ಇದು ತುಂಬಾ ಸುಲಭವಾಗಿ ಅರ್ಥವಾಗುತ್ತೆ. ನಮ್ಮ ಹೆಣ್ಣುಮಕ್ಕಳು "ನಮ್ಮ ಯಜಮಾನ್ರು" ಅನ್ನುತ್ತಾರೆ, "ನಮ್ಮವರು" ಅಂತಲೂ ಅನ್ನುತ್ತಾರೆ. ಇನ್ನು ಮೇಲೆ ನನ್ನನ್ನು ಯಜಮಾನ ಅನ್ನಬೇಡ, ನಮ್ಮವರು ಅನ್ನು ಅಂತ ದೇವರೇ ಕೇಳಿಕೊಂಡ ಹಾಗೆ ನಾನು ಅದನ್ನು ಓದುತ್ತೇನೆ. ಸಿಸ್ಟರ್ ಬರೆದ ಆ ಅಜ್ಜಿ ಬಾಯಲ್ಲಿ ಬಂದದ್ದೂ ಅದೇ ಮಾತು.

ಇನ್ನೊಂದು ಪದ ಇದೆ. ಆದಿಕಾಂಡ 3:16ರಲ್ಲಿ ಹೆಣ್ಣಿಗೆ ಗಂಡನ ಮೇಲೆ ಆಸೆ ಇರುತ್ತೆ, ಅವನು ಅವಳನ್ನು ಆಳುತ್ತಾನೆ ಅಂತ ಬರುತ್ತೆ. ಪಾಪ ಬಂದ ಮೇಲಿನ ಮಾತು ಅದು. ಆ "ಆಸೆ"ಗೆ ಇರುವ ಹೀಬ್ರೂ ಪದ ಇಡೀ ಹಳೆಯ ಒಡಂಬಡಿಕೆಯಲ್ಲಿ ಮೂರೇ ಕಡೆ ಇದೆ. ಆದಿಕಾಂಡದಲ್ಲಿ ಎರಡು, ಮೂರನೆಯದು ಪರಮಗೀತ 7:10. ಅಲ್ಲಿ ಅವಳು ಹೇಳುತ್ತಾಳೆ, ನಾನು ಅವನವಳು, ಅವನ ಆಸೆ ನನ್ನ ಮೇಲೆ. ದಿಕ್ಕು ತಿರುಗಿದೆ. ಆಳುವ ಮಾತೇ ಇಲ್ಲ. ನಿಮ್ಮ ಮನೆಯಲ್ಲಿ ನಡೆದದ್ದು ಶಾಪದ ಕಡೆಯದು, ಅಮ್ಮಾ. ಈ ಹಾಡಿನದಲ್ಲ.

ಹೆಸರು ಬೇಡ

ಯಜಮಾನ ಅನ್ನಬೇಡ ಅಂತ ದೇವರೇ ಹೇಳಿದ್ದು ನನಗೆ ಯಾರೂ ತೋರಿಸಿರಲಿಲ್ಲ. ಹೋಶೇಯ ತೆಗೆದು ಗುರುತು ಹಾಕಿಕೊಂಡೆ. ಪರಮಗೀತ ಈಗಲೇ ಓದಲ್ಲ. ನಿಧಾನವಾಗಿ.

ರಾತ್ರಿ ಪಾಳಿ

ನಿಧಾನವಾಗಿಯೇ ಅಕ್ಕ. ಮನಸ್ಸಾದಾಗ ಇಲ್ಲಿ ಬರೆಯಿರಿ.

ಸಿದ್ದರಬೆಟ್ಟದ ದಾರಿ (ತುಮಕೂರು)

ನಾನು ಕ್ರೈಸ್ತನಲ್ಲ. ಲಿಂಗಾಯತರ ಮನೆಯವನು. ನಡುವೆ ಮಾತಾಡಿದರೆ ಬೇಜಾರಿಲ್ಲ ತಾನೆ?

ಮೇಷ್ಟ್ರು ಹೇಳಿದ ಬರ್ನಾರ್ಡ್ ಇದ್ದದ್ದು ಹನ್ನೆರಡನೇ ಶತಮಾನ ಅಂದರೆ ನಮ್ಮ ಅಕ್ಕಮಹಾದೇವಿಯ ಶತಮಾನವೇ ಆಯಿತು. ಅಕ್ಕ ಚೆನ್ನಮಲ್ಲಿಕಾರ್ಜುನನೇ ನನ್ನ ಗಂಡ ಅಂದವಳು. ಶರಣ ಸತಿ, ಲಿಂಗ ಪತಿ ಅನ್ನೋದು ನಮ್ಮಲ್ಲಿ ಚಿಕ್ಕಂದಿನಿಂದ ಕೇಳಿದ ಮಾತು. ಗಂಡಸರಾದ ಉರಿಲಿಂಗದೇವರೂ ಹೆಂಡತಿಯಾಗಿ ನಿಂತು ವಚನ ಬರೆದರು. ಅಕ್ಕ ಗಿಳಿ, ಕೋಗಿಲೆ, ದುಂಬಿಗಳನ್ನೆಲ್ಲ ನೀವು ಅವನನ್ನು ಕಂಡಿರಾ ಅಂತ ಕೇಳುತ್ತಾ ಹೋಗುತ್ತಾಳೆ. ನಿಮ್ಮ ಹಾಡಿನ ಹುಡುಗಿ ಊರು ಕಾಯುವವರನ್ನು ಕೇಳಿದ್ದು ಓದಿದಾಗ ಅದೇ ನೆನಪಾಯಿತು.

ಎರಡೂ ಒಂದೇ ಅಂತ ಹೇಳುತ್ತಿಲ್ಲ. ನಿಮ್ಮದು ನಿಮಗೆ, ನಮ್ಮದು ನಮಗೆ. ಆದರೆ ದೇವರನ್ನು ಹೀಗೆ ಕರೆಯಬಹುದಾ ಅಂತ ಆ ತಾಯಿ ಹೆದರಿದ್ದಾರಲ್ಲ, ಅವರಿಗೆ ಹೇಳಿ. ಈ ನೆಲದ ಭಾಷೆಗೆ ಆ ಕೂಗು ಹೊಸದಲ್ಲ.

ನಂದಿ ತಪ್ಪಲು

ಬೇಜಾರು ಯಾಕಣ್ಣ? ಓದಿ ಖುಷಿಯಾಯಿತು.

ಗಣಿ ಊರಿನ ಹುಡುಗ (ಕೆಜಿಎಫ್)

ನಾವು ಕಥೋಲಿಕರು. ಗಂಡಸಾಗಿ ನಾನು ವಧು ಅಂದುಕೊಳ್ಳೋದು ಹೇಗೆ ಅಂತ ನನಗೂ ಕಸಿವಿಸಿ ಇತ್ತು. ಉರಿಲಿಂಗದೇವರ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್ ಅಣ್ಣ. ನಮ್ಮಲ್ಲಿ ಸ್ಪೇನ್ ದೇಶದ ಶಿಲುಬೆಯ ಸಂತ ಯೋವಾನ್ನರ ಕಥೆ ಹೇಳುತ್ತಾರೆ. ಅವರನ್ನು 1577ರ ಡಿಸೆಂಬರಿನಲ್ಲಿ ಅವರದೇ ಸಭೆಯ ಸನ್ಯಾಸಿಗಳು ಹಿಡಿದು ತೊಲೆಡೊ ಊರಿನ ಮಠದಲ್ಲಿ ಕೂಡಿಹಾಕಿದರು. ಸಣ್ಣ ಕತ್ತಲೆ ಕೋಣೆ. 1578ರ ಆಗಸ್ಟಿನಲ್ಲಿ ತಪ್ಪಿಸಿಕೊಂಡು ಬಂದರು. ಆ ಕೋಣೆಯಲ್ಲೇ, ಪ್ರಿಯನನ್ನು ಹುಡುಕಿಕೊಂಡು ಹೊರಟ ವಧುವಿನ ಬಗ್ಗೆ ಪದ್ಯ ಕಟ್ಟಿದರು. ನಮ್ಮ ತಾತ ಗಣಿಯ ಒಳಗೆ ಕೆಲಸ ಮಾಡಿದವರು. ಕತ್ತಲು ಅಂದರೆ ಏನು ಅಂತ ಅವರು ಹೇಳುತ್ತಿದ್ದರು. ಅಂಥ ಕಡೆ ಕೂತು ಪ್ರೀತಿಯ ಹಾಡು ಕಟ್ಟೋಕೆ ಆಗುತ್ತೆ ಅನ್ನೋದೇ ನನಗೆ ದೊಡ್ಡ ಧೈರ್ಯ.

ಚಿಂತಾಮಣಿ ಹುಡುಗಿ

ನನ್ನದು ಚಿಕ್ಕದು. 1:5ರಲ್ಲಿ ಅವಳು "ನಾನು ಕಪ್ಪು, ಚೆಲುವೆ" ಅನ್ನುತ್ತಾಳಲ್ಲ. ಕೆಲವು ಕಡೆ "ಕಪ್ಪಾದರೂ ಚೆಲುವೆ" ಅಂತಿದೆ. ಯಾವುದು ಸರಿ? ಟೊಮೆಟೊ ಹೊಲದಲ್ಲಿ ಕೆಲಸ ಮಾಡಿ ನಾನೂ ಕಪ್ಪೇ. ನೋಡೋಕೆ ಬಂದ ಎರಡು ಗಂಡಿನ ಕಡೆಯವರು ಅದೇ ಮಾತು ಆಡಿ ಹೋದರು.

ತುಮಕೂರು ಮೇಷ್ಟ್ರು

ಮಗಳೇ, ಹೀಬ್ರೂ ಅಕ್ಷರ ಎರಡಕ್ಕೂ ಜಾಗ ಕೊಡುತ್ತೆ. "ಮತ್ತು" ಅಂತಲೂ ಓದಬಹುದು, "ಆದರೂ" ಅಂತಲೂ. "ಕಪ್ಪು, ಚೆಲುವೆ" ಅನ್ನೋದೇ ನೇರವಾದದ್ದು ಅಂತ ನನ್ನ ಅಭಿಪ್ರಾಯ. ಬಿಸಿಲಲ್ಲಿ ತೋಟ ಕಾದು ಕಪ್ಪಾದವಳು ಅವಳು. ಅವಳನ್ನೇ ಅವನು 4:7ರಲ್ಲಿ ನಿನ್ನಲ್ಲಿ ಒಂದು ಕುಂದೂ ಇಲ್ಲ ಅನ್ನುತ್ತಾನೆ.

ಚಿಂತಾಮಣಿ ಹುಡುಗಿ

ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ನಂದಿ ತಪ್ಪಲು

ಎಲ್ಲರ ಮಾತನ್ನೂ ಎರಡು ಮೂರು ಸಲ ಓದಿದೆ. ಐದು ದಿನ ಆಯಿತು ಏನೂ ಬರೆಯದೆ. ಇವತ್ತು ಬರೆಯುತ್ತೇನೆ.

ನಮ್ಮ ತೋಟ ಕಟಿಂಗ್ ಆಗಿ ಒಂದೂವರೆ ತಿಂಗಳಾಗುತ್ತಾ ಬಂತು. ಈಗ ಹೂ. ದ್ರಾಕ್ಷಿ ಹೂ ನೋಡಿಲ್ಲದವರು ಜಾಸ್ತಿ. ಹೂ ಅಂತ ಗೊತ್ತಾಗೋದೇ ಇಲ್ಲ. ಸಾಸಿವೆ ಕಾಳಿನಷ್ಟು ಹಸಿರು ಮೊಗ್ಗು, ಅದರ ಮೇಲಿನ ಟೋಪಿ ಕಳಚಿ ಬಿದ್ದರೆ ಸಣ್ಣ ಬಿಳಿ ಎಳೆಗಳು. ಆದರೆ ಬೆಳಗಿನ ಜಾವ ಚಪ್ಪರದ ಕೆಳಗೆ ಹೋದರೆ ಒಂದು ತೆಳುವಾದ ವಾಸನೆ ಇರುತ್ತೆ. ಬಿಸಿಲು ಏರಿದ ಮೇಲೆ ಅಷ್ಟು ಸಿಗಲ್ಲ. 2:13ರಲ್ಲಿ ದ್ರಾಕ್ಷಿ ಬಳ್ಳಿ ಹೂಬಿಟ್ಟು ಪರಿಮಳ ಬೀರುತ್ತಿದೆ ಅಂತ ಇದೆ. ಅದನ್ನು ಬರೆದವರು ತೋಟದಲ್ಲಿ ನಿಂತೇ ಬರೆದಿದ್ದಾರೆ.

ಅದರ ಮುಂದಿನ 15ನೇ ವಚನ, ತೋಟ ಹಾಳುಮಾಡುವ ನರಿಮರಿಗಳನ್ನು ಹಿಡಿಯಿರಿ ಅನ್ನೋದು. ಮಕ್ಕಳಿಗೆ ಇದನ್ನು ಹೇಳುವಾಗೆಲ್ಲ ಹಣ್ಣು ಕದಿಯೋ ನರಿ ಅಂತಲೇ ಹೇಳಿಕೊಟ್ಟೆ. ಈಗ ನೋಡಿದರೆ ಅಲ್ಲಿ ಹಣ್ಣೇ ಇಲ್ಲ. ತೋಟ ಹೂವಿನಲ್ಲಿದೆ ಅಂತ ಸ್ಪಷ್ಟವಾಗಿ ಬರೆದಿದೆ. ಹೂವಿನಲ್ಲಿ ಹಾಳಾದರೆ ಗೊಂಚಲೇ ಕಟ್ಟಲ್ಲ. ಒಂದು ಮಳೆ ಬಿದ್ದರೆ ಸಾಕು, ಹೂ ಉದುರಿ ಬರೀ ಕಡ್ಡಿ ಉಳಿಯುತ್ತೆ. ನಾವು ನೋಡಿದ್ದೇವೆ.

ನನ್ನ ನರಿ ಯಾವುದು ಅಂತ ಐದು ದಿನ ಯೋಚಿಸಿದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಇಡೀ ಸಭೆ ಉಪವಾಸ ಮಾಡಿತು. ಅಮ್ಮ ಉಳಿಯಲಿಲ್ಲ. ಮಣ್ಣಿಗೆ ಬಂದವರಿಗೆಲ್ಲ ನಾನೇ "ದೇವರ ಚಿತ್ತ" ಅಂತ ಹೇಳಿ ಸಮಾಧಾನ ಮಾಡಿ ಕಳಿಸಿದೆ. ಅದು ನನ್ನ ಬಾಯಿಯ ಮಾತು. ಒಳಗೆ ಕೋಪ ಇತ್ತು. ಸಂಡೇ ಸ್ಕೂಲ್ ಟೀಚರ್ ದೇವರ ಮೇಲೆ ಕೋಪ ಮಾಡಿಕೊಳ್ಳಬಾರದು ಅಂತ ಅದನ್ನು ಹೇಳಲೇ ಇಲ್ಲ. ಆ ಅಜ್ಜಿಯ ಹಾಗೆ ಆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡೆ. ಒಂದು ವರ್ಷ.

ಇವತ್ತು ಬೆಳಿಗ್ಗೆ ಐದೂವರೆಗೆ ತೋಟಕ್ಕೆ ಇಳಿದೆ. ನಂದಿ ಬೆಟ್ಟದ ಮೇಲೆ ಮಂಜು ಇತ್ತು, ಬೆಟ್ಟ ಕಾಣುತ್ತಿರಲಿಲ್ಲ. ಚಪ್ಪರದ ಕಂಬಿಯಿಂದ ಇಬ್ಬನಿ ತಲೆ ಮೇಲೆ ಬೀಳುತ್ತಿತ್ತು. ಸೆರಗು ಹೊದ್ದುಕೊಂಡು ಒಂದು ಕಲ್ಲು ಕಂಬಕ್ಕೆ ಒರಗಿ ಕೂತೆ. "ಪ್ರಿಯ" ಅನ್ನೋಕೆ ಬಾಯಿ ಬರಲಿಲ್ಲ. ಮೇಷ್ಟ್ರು ಹೇಳಿದ ಮಾತು ಬಂತು. "ನಮ್ಮವರೇ" ಅಂದೆ. ಆಮೇಲೆ, ಅಮ್ಮನನ್ನು ಯಾಕೆ ಕರೆದುಕೊಂಡಿರಿ ಅಂತ ಕೇಳಿದೆ. ಜೋರಾಗಿಯೇ ಕೇಳಿದೆ. ಸುತ್ತ ಯಾರೂ ಇರಲಿಲ್ಲ. ತುಂಬಾ ಹೊತ್ತು ಅತ್ತೆ. ಉತ್ತರ ಅಂತ ಏನೂ ಸಿಗಲಿಲ್ಲ, ಸುಳ್ಳು ಹೇಳಲ್ಲ. ಆದರೆ ಎದ್ದು ಬರೋಕೆ ಮನಸ್ಸಾಗಲಿಲ್ಲ. ಪಕ್ಕದ ತೋಟದವರು ಮೋಟರ್ ಹಾಕಿದ ಸದ್ದು ಕೇಳುವ ತನಕ ಕೂತೇ ಇದ್ದೆ.

ಭಾನುವಾರ ಸ್ತ್ರೀಯರ ಕೂಟದಲ್ಲಿ ನನಗಾಗಿ ಪ್ರಾರ್ಥನೆ ಮಾಡಿ ಅಂತ ಕೇಳುತ್ತೇನೆ, ದಿಬ್ಬಣ ಬ್ರದರ್.

ನಾಳೆ ಬೂದಿ ರೋಗಕ್ಕೆ ಗಂಧಕ ಹೊಡೆಯೋದಿದೆ. ಆಳುಗಳು ಏಳಕ್ಕೆ ಬರುತ್ತಾರೆ. ನಾನು ಐದಕ್ಕೇ ಹೋಗುತ್ತೇನೆ.